ಮುಕ್ತ ಕಾರ್ಯಾಚರಣ ವ್ಯವಸ್ಥೆಯ ವಿತರಣೆಗಳು ಮತ್ತು ಕನ್ನಡ: ಒಂದು ಚಾರಿತ್ರಿಕ ಅವಲೋಕನ

ಕನ್ನಡ ಗಣಕೀಕರಣದ ಚರಿತ್ರೆಯನ್ನು ಕುರಿತ ಬರಹಗಳು ಬಹುಮಟ್ಟಿಗೆ ಮೂರು ಸಂಗತಿಗಳ ಸುತ್ತ ಬೆಳೆದಿವೆ: ಕೀಲಿಮಣೆಯ ವಿನ್ಯಾಸ, ಅಕ್ಷರಶೈಲಿ ಮತ್ತು ಸಂಕೇತೀಕರಣ. ಈ ಮೂರೂ ಯಾವುದರ ಮೇಲೆ ನಿಂತಿವೆಯೋ ಆ ಕಾರ್ಯಾಚರಣ ವ್ಯವಸ್ಥೆಯ ಕಡೆಗೆ ನಮ್ಮ ವಿದ್ವಾಂಸರ ಗಮನ ಹರಿದದ್ದು ಕಡಿಮೆ. ವಿಂಡೋಸ್ ಎಂಬುದು ಗಣಕದ ಸಹಜ ಸ್ಥಿತಿಯೇ ಆಗಿದೆಯೆಂಬ ಭಾವನೆ ಇದಕ್ಕೆ ಒಂದು ಕಾರಣವಿರಬಹುದು. ಆದರೆ 1990ರ ದಶಕದಿಂದ ಈಚೆಗೆ ಅದರ ಬದಿಯಲ್ಲೇ ಇನ್ನೊಂದು ಪರಂಪರೆ ಬೆಳೆದುಬಂದಿದೆ. ಆಕರ ಸಂಕೇತವನ್ನು ಯಾರು ಬೇಕಾದರೂ ಓದಿ, ತಿದ್ದಿ, ಹಂಚಬಹುದಾದ ಗ್ನೂ/ಲಿನಕ್ಸ್ ವಿತರಣೆಗಳ ಪರಂಪರೆ ಅದು. ಈ ವಿತರಣೆಗಳು ಕಾಲದಿಂದ ಕಾಲಕ್ಕೆ ಹೇಗೆ ಬದಲಾದವು, ಪ್ರತಿ ಬದಲಾವಣೆಯಲ್ಲೂ ಕನ್ನಡವನ್ನು ಅದರೊಳಗೆ ಇರಿಸುವ ಹೊಣೆಯನ್ನು ಯಾರು ಹೊತ್ತರು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

‘ವಿತರಣೆ’ ಎಂಬ ಪದವನ್ನು ಮೊದಲು ಸ್ಪಷ್ಟಪಡಿಸಿಕೊಳ್ಳಬೇಕು. ಲಿನಕ್ಸ್ ಎಂಬುದು ಕಟ್ಟುನಿಟ್ಟಾಗಿ ಹೇಳುವುದಾದರೆ ವ್ಯವಸ್ಥೆಯ ತಿರುಳು, ಅಂದರೆ ಕರ್ನೆಲ್ ಮಾತ್ರ. ಅದರ ಜೊತೆಗೆ ಗ್ನೂ ಯೋಜನೆಯ ಉಪಕರಣಗಳು, ಚಿತ್ರಪರದೆಯ ವ್ಯವಸ್ಥೆ, ಬರೆಯುವ ಓದುವ ತಂತ್ರಾಂಶಗಳು, ಅಕ್ಷರಶೈಲಿಗಳು ಎಲ್ಲವೂ ಸೇರಿದಾಗ ಮಾತ್ರ ಸಾಮಾನ್ಯ ಬಳಕೆದಾರನಿಗೆ ಉಪಯೋಗ. ಸಾವಿರಾರು ಮಂದಿ ಬೇರೆ ಬೇರೆ ಕಡೆ ಕುಳಿತು ಬರೆದ ಈ ಭಾಗಗಳನ್ನು ಆಯ್ದು, ಒಂದಕ್ಕೊಂದು ಹೊಂದಿಸಿ, ಪರೀಕ್ಷಿಸಿ, ಒಂದೇ ಕಟ್ಟಾಗಿ ಕೊಡುವುದೇ ವಿತರಣೆ. ನಮ್ಮ ಗ್ರಂಥಸಂಪಾದನೆಯ ಕೆಲಸಕ್ಕೆ ಇದನ್ನು ಹೋಲಿಸಬಹುದು. ಹಲವು ಓಲೆಪ್ರತಿಗಳಿಂದ ಶುದ್ಧಪಾಠವನ್ನು ನಿರ್ಣಯಿಸುವ ಸಂಪಾದಕನಂತೆ ವಿತರಣೆಯ ಕರ್ತೃವೂ ಸ್ವತಃ ಬರೆಯುವುದು ಕಡಿಮೆ, ಆಯುವುದು ಹೆಚ್ಚು. ಯಾವ ಭಾಷೆ ಒಳಗೆ ಬರಬೇಕು, ಯಾವುದು ಹೊರಗುಳಿಯಬೇಕು ಎಂಬ ತೀರ್ಮಾನವೂ ಈ ಆಯ್ಕೆಯಲ್ಲಿ ಅಡಗಿದೆ.

ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಗ್ನೂ ಯೋಜನೆಯನ್ನು ಘೋಷಿಸಿದರು. ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರ ಆಗಸ್ಟ್‌ನಲ್ಲಿ ತಮ್ಮ ಕರ್ನೆಲನ್ನು ಪ್ರಕಟಪಡಿಸಿ, ಮರುವರ್ಷ ಅದನ್ನು ಗ್ನೂ ಸಾರ್ವಜನಿಕ ಪರವಾನಗಿಯ ಅಡಿಗೆ ತಂದರು. 1993ರ ಜುಲೈನಲ್ಲಿ ಪ್ಯಾಟ್ರಿಕ್ ವೋಲ್ಕರ್ಡಿಂಗ್ ಅವರ ಸ್ಲ್ಯಾಕ್‌ವೇರ್, ಆಗಸ್ಟ್‌ನಲ್ಲಿ ಇಯಾನ್ ಮರ್ಡಾಕ್ ಅವರ ಡೆಬಿಯನ್ ಹುಟ್ಟಿದವು. ಇವೆರಡೂ ಇಂದಿಗೂ ಜೀವಂತವಾಗಿವೆಯೆಂಬುದು ಗಮನಾರ್ಹ. ಇನ್ನೊಂದು ವರ್ಷದಲ್ಲಿ ರೆಡ್ ಹ್ಯಾಟ್ ಮತ್ತು ಸೂಸೆ ಬಂದವು. ಭಾರತದಲ್ಲಿ ಈ ವಿತರಣೆಗಳು ಮನೆಮಾತಾಗಲು ಪತ್ರಿಕೆಯೊಂದು ಕಾರಣವಾಯಿತು. ‘ಪಿಸಿ ಕ್ವೆಸ್ಟ್’ ಪತ್ರಿಕೆ 1996ರಲ್ಲಿ ಲಿನಕ್ಸ್ ಸಿ.ಡಿ.ಯನ್ನು ತನ್ನ ಸಂಚಿಕೆಯೊಡನೆ ಓದುಗರಿಗೆ ಕೊಟ್ಟಿತು. ಈ ಪ್ರಯತ್ನದ ಹಿಂದಿದ್ದ ಬೆಂಗಳೂರಿನ ಅತುಲ್ ಚಿಟ್ನಿಸ್ ಮುಂದೆ 2001ರಿಂದ ‘ಲಿನಕ್ಸ್ ಬೆಂಗಳೂರು’ ಸಮ್ಮೇಳನವನ್ನು ಕಟ್ಟಿ ಬೆಳೆಸಿದವರಲ್ಲಿ ಪ್ರಮುಖರು.

ಆ ಕಾಲದ ವಿತರಣೆಗಳಲ್ಲಿ ಕನ್ನಡಕ್ಕೆ ಸ್ಥಳವಿರಲಿಲ್ಲ. ಇರಲು ಸಾಧ್ಯವೂ ಇರಲಿಲ್ಲ. ಗಣಕ ತೆರೆದುಕೊಳ್ಳುತ್ತಿದ್ದುದು ಕಪ್ಪು ಪರದೆಯ ಮೇಲಿನ ಅಕ್ಷರಗಳ ಸಾಲಿನಲ್ಲಿ. ಒಂದು ಚೌಕಕ್ಕೆ ಒಂದು ಅಕ್ಷರವೆಂಬುದು ಆ ಪರದೆಯ ನಿಯಮ. ‘ಸ್ತ್ರೀ’ ಎಂಬ ಒಂದೇ ಅಕ್ಷರದಲ್ಲಿ ಸಕಾರ, ಅದರ ಕೆಳಗೆ ಎರಡು ಒತ್ತುಗಳು, ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ ಹೀಗೆ ನಾಲ್ಕು ದಿಕ್ಕಿಗೆ ಚಾಚಿಕೊಳ್ಳುವ ಕನ್ನಡ ಲಿಪಿಯನ್ನು ಅಂತಹ ಚೌಕದಲ್ಲಿ ಕೂರಿಸುವುದೆಂತು?

ಇದೇ ಅವಧಿಯಲ್ಲಿ ಕರ್ನಾಟಕದಲ್ಲಿ ಕನ್ನಡ ಬೇರೊಂದು ದಾರಿ ಹಿಡಿಯಿತು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂದಿತು. ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ಸರ್ಕಾರದ ಬೆಂಬಲದೊಡನೆ ಕಚೇರಿಗಳಿಗೂ ಮುದ್ರಣಾಲಯಗಳಿಗೂ ಹರಡಿತು. ಇವು ಮಾಡಿದ ಉಪಕಾರ ಸಣ್ಣದಲ್ಲ. ಒಂದು ತಲೆಮಾರಿನ ಕನ್ನಡಿಗರು ಗಣಕದಲ್ಲಿ ಬರೆಯಲು ಕಲಿತದ್ದು ಇವುಗಳಿಂದಲೇ. ಆದರೆ ಎರಡೂ ರೂಪುಗೊಂಡದ್ದು ವಿಂಡೋಸಿಗಾಗಿ. ಜೊತೆಗೆ ಆ ಕಾಲದ ಅನಿವಾರ್ಯತೆಯಿಂದಾಗಿ ಅವು ಅಕ್ಷರವನ್ನು ಉಳಿಸದೆ ಅಕ್ಷರದ ಚೂರುಗಳನ್ನು ಉಳಿಸಿದವು. ಇಂಗ್ಲಿಷ್ ಅಕ್ಷರಗಳ ಸಂಖ್ಯಾಸ್ಥಾನಗಳಲ್ಲಿ ತಲೆಕಟ್ಟು, ಒತ್ತು, ಕೊಂಬುಗಳ ಆಕಾರಗಳನ್ನು ಅಡಗಿಸಿಡುವ ಈ ಕ್ರಮದಲ್ಲಿ ಆಯಾ ಫಾಂಟ್ ಇಲ್ಲದ ಗಣಕಕ್ಕೆ ಕಡತ ಹೋದರೆ ಅಲ್ಲಿ ಕಾಣುವುದು ಅರ್ಥವಿಲ್ಲದ ರೋಮನ್ ಚಿಹ್ನೆಗಳ ರಾಶಿ. ಹೀಗಾಗಿ 1998ರಿಂದ ಸುಮಾರು ಹದಿನೈದು ವರ್ಷ ಟಂಕಿತವಾದ ಅಪಾರ ಕನ್ನಡ ಸಾಹಿತ್ಯ ಒಂದೇ ಕಾರ್ಯಾಚರಣ ವ್ಯವಸ್ಥೆಗೆ, ಕೆಲವೇ ಫಾಂಟ್‌ಗಳಿಗೆ ಕಟ್ಟುಬಿದ್ದಿತು.

ಈ ಪ್ರವಾಹಕ್ಕೆ ಎದುರಾಗಿ ಬೆಂಗಳೂರಿನಲ್ಲೇ ನಡೆದ ಒಂದು ಸಾಹಸವನ್ನು ಇಲ್ಲಿ ನೆನೆಯಬೇಕು. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಮತ್ತು ಎನ್‌ಕೋರ್ ಸಂಸ್ಥೆಯ ಸಂಗಡಿಗರು 2001ರಲ್ಲಿ ಲೋಕದ ಮುಂದಿಟ್ಟ ‘ಸಿಂಪ್ಯೂಟರ್’ ಅಂಗೈಯಗಲದ ಲಿನಕ್ಸ್ ಯಂತ್ರ. ಸರಳ, ಅಗ್ಗ, ಬಹುಭಾಷಿಕ ಎಂಬ ಗುಣಗಳು ಅದರ ಹೆಸರಿನಲ್ಲೇ ಅಡಕವಾಗಿದ್ದವು. 2004ರಲ್ಲಿ ಮಾರುಕಟ್ಟೆಗೆ ಬಂದರೂ ಅದು ನಿರೀಕ್ಷಿಸಿದಷ್ಟು ಜನರನ್ನು ತಲುಪಲಿಲ್ಲ. ಆದರೆ ಅದಕ್ಕಾಗಿ ಹುಟ್ಟಿದ, ಬರಹವನ್ನು ಓದಿ ಹೇಳುವ ‘ಧ್ವನಿ’ ತಂತ್ರಾಂಶ ಯಂತ್ರದೊಡನೆ ಅಳಿಯಲಿಲ್ಲ. ಆಕರ ಸಂಕೇತ ಮುಕ್ತವಾಗಿದ್ದುದರಿಂದ ಕೇರಳದ ಸಂತೋಷ್ ತೋಟ್ಟಿಂಗಲ್ ಅದನ್ನು ಕೈಗೆತ್ತಿಕೊಂಡು ಬೇರೆ ಭಾಷೆಗಳಿಗೂ ವಿಸ್ತರಿಸಿದರು. ಯಂತ್ರ ಸೋತರೂ ವಿದ್ಯೆ ಉಳಿಯುವ ಈ ಬಗೆ ಮುಚ್ಚಿದ ತಂತ್ರಾಂಶಗಳ ಚರಿತ್ರೆಯಲ್ಲಿ ಅಪರೂಪ.

ಲಿನಕ್ಸ್ ವಿತರಣೆಗಳಲ್ಲಿ ಕನ್ನಡ ನಿಜಕ್ಕೂ ಕಾಣಿಸಿಕೊಳ್ಳಲು ಮೂರು ಕೆಲಸಗಳು ಆಗಬೇಕಿತ್ತು. ಮೊದಲನೆಯದು ಯೂನಿಕೋಡ್. ಅದು ಅಕ್ಷರದ ಆಕಾರವನ್ನಲ್ಲ, ಅಕ್ಷರವನ್ನೇ ಗುರುತಿಸುತ್ತದೆ. ಭಾರತೀಯ ಇಸ್ಕಿ ಶಿಷ್ಟತೆಯ ಜಾಡಿನಲ್ಲಿ ಕನ್ನಡಕ್ಕೆ ಅಲ್ಲಿ ಆರಂಭದಿಂದಲೇ ಸ್ಥಾನವಿತ್ತು; ಜ಼, ಫ಼ಗಳಿಗೆ ಬೇಕಾದ ನುಕ್ತಾ ಹಾಗೂ ಅವಗ್ರಹ 2003ರ ನಾಲ್ಕನೆಯ ಆವೃತ್ತಿಯಲ್ಲಿ ಸೇರಿದವು. ಎರಡನೆಯದು, ಈ ಅಕ್ಷರಗಳ ಸರಣಿಯನ್ನು ಓದಿ ಒತ್ತು ಗುಣಿತಗಳನ್ನು ಸ್ವಸ್ಥಾನದಲ್ಲಿ ಕೂರಿಸುವ ಯಂತ್ರ. ಗ್ನೋಮ್ ಪರಿಸರದ ಎರಡನೆಯ ಆವೃತ್ತಿ 2002ರಲ್ಲಿ ‘ಪ್ಯಾಂಗೊ’ ಎಂಬ ಗ್ರಂಥಾಲಯದೊಡನೆ ಬಂದಾಗ ಇದಕ್ಕೆ ದಾರಿ ತೆರೆಯಿತು. ಮೂರನೆಯದು, ಮುಕ್ತವಾಗಿ ಹಂಚಬಹುದಾದ ಅಕ್ಷರಶೈಲಿ. ಕೇದಗೆ ಮತ್ತು ಮಲ್ಲಿಗೆ ಈ ಬಗೆಯ ಮೊದಲ ಹೂಗಳು. ಬಳಿಕ ರೆಡ್ ಹ್ಯಾಟ್ ಕಂಪನಿ ‘ಲೋಹಿತ್’ ಸರಣಿಯ ಹಕ್ಕನ್ನು ಕೊಂಡು 2004ರಲ್ಲಿ ಮುಕ್ತಗೊಳಿಸಿತು. 2011ರಲ್ಲಿ ಅದನ್ನು ಇನ್ನೂ ಉದಾರವಾದ ಮುಕ್ತ ಫಾಂಟ್ ಪರವಾನಗಿಗೆ ಬದಲಿಸಿತು. ಇತ್ತೀಚೆಗೆ ಅರವಿಂದ ವಿ.ಕೆ. ಅವರ ‘ಗುಬ್ಬಿ’, ‘ನವಿಲು’ಗಳು ಡೆಬಿಯನ್ ಭಂಡಾರವನ್ನು ಸೇರಿವೆ.

ಇದರಲ್ಲಿ ಎರಡನೆಯ ಕೆಲಸ ಎಲ್ಲಕ್ಕಿಂತ ಕಠಿಣವಾಗಿತ್ತು. ಅರ್ಕಾವತ್ತು ಇದಕ್ಕೆ ಉತ್ತಮ ನಿದರ್ಶನ. ‘ಸೂರ್ಯ’ದಲ್ಲಿ ರಕಾರ ಅರ್ಕಾವತ್ತಾಗಿ ವ್ಯಂಜನದ ಬಲಕ್ಕೆ ಹೋಗುತ್ತದೆ, ‘ರ‍್ಯಾಂಕ್’ನಲ್ಲಿ ರಕಾರ ತನ್ನ ಸ್ಥಾನದಲ್ಲೇ ನಿಂತು ಯಕಾರ ಒತ್ತಾಗುತ್ತದೆ. ಉಚ್ಚಾರಣೆಯ ಕ್ರಮ ಎರಡರಲ್ಲೂ ಒಂದೇ, ಬರಹ ಬೇರೆ. ಈ ವ್ಯತ್ಯಾಸವನ್ನು ಕಣ್ಣಿಗೆ ಕಾಣದ ಒಂದು ಜೋಡಣೆ ಚಿಹ್ನೆಯಿಂದ ಸೂಚಿಸಬೇಕು. ಆ ಚಿಹ್ನೆ ವಿರಾಮದ ಮೊದಲೋ ಅನಂತರವೋ ಎಂಬುದು ಕೆಲವು ಕಾಲ ಗೊಂದಲದಲ್ಲಿತ್ತು. ಗ್ನೋಮ್‌ನ ಯಂತ್ರವೇ ಬೇರೆ, ಕೆ.ಡಿ.ಇ.ಯ ಯಂತ್ರವೇ ಬೇರೆ, ಕಚೇರಿ ತಂತ್ರಾಂಶದ್ದು ಮತ್ತೊಂದು. 2012ರ ಸುಮಾರಿಗೆ ‘ಹಾರ್ಫ್‌ಬಜ್’ ಎಂಬ ಒಂದೇ ಯಂತ್ರ ಕ್ರಮೇಣ ಎಲ್ಲ ಕಡೆಯೂ ನೆಲೆಗೊಂಡ ಮೇಲೆ ಈ ತೊಡಕು ಬಹುಪಾಲು ತೀರಿತು. ಲಿಪಿಯ ಇಂಥ ಸೂಕ್ಷ್ಮವೊಂದು ನಮ್ಮ ವ್ಯಾಕರಣಕಾರರ ಚರ್ಚೆಯಲ್ಲಿ ಇತ್ಯರ್ಥವಾಗದೆ ದೂರದೇಶದ ತಂತ್ರಜ್ಞರ ದೋಷವರದಿಗಳಲ್ಲಿ ಇತ್ಯರ್ಥವಾದುದು ನಮ್ಮ ವಿಶ್ವವಿದ್ಯಾಲಯಗಳಿಗೆ ಅಷ್ಟೇನೂ ಶೋಭೆ ತರುವ ಸಂಗತಿಯಲ್ಲ.

ಕೀಲಿಮಣೆಯ ವಿಷಯದಲ್ಲಿ ಮಾತ್ರ ನಾವು ಕೊಟ್ಟದ್ದೇ ಹೆಚ್ಚು. ಕೆ.ಪಿ. ರಾವ್ ಅವರ ಚಿಂತನೆಯಿಂದ ಮೂಡಿ ಗಣಕ ಪರಿಷತ್ತಿನ ಹೆಸರಿನಲ್ಲಿ ನೆಲೆಗೊಂಡ ಧ್ವನ್ಯಾತ್ಮಕ ವಿನ್ಯಾಸ ‘ಕಗಪ’ ಎಂಬ ಹೆಸರಿನಿಂದಲೇ ಲಿನಕ್ಸ್‌ನ ಮೂಲ ಕೀಲಿಮಣೆ ಸಂಗ್ರಹವನ್ನು ಸೇರಿದೆ. ಕನ್ನಡಕ್ಕಷ್ಟೇ ಅಲ್ಲ, ಹಿಂದಿ, ಸಂಸ್ಕೃತ, ಮರಾಠಿ, ತೆಲುಗುಗಳಿಗೂ ‘ಕಗಪ’ ವಿನ್ಯಾಸ ಅಲ್ಲಿ ಲಭ್ಯ. ನಾಗ್ಪುರದಲ್ಲೋ ವಾರಾಣಸಿಯಲ್ಲೋ ಯಾರಾದರೂ ಉಬುಂಟು ತೆರೆದು ಕೀಲಿಮಣೆಗಳ ಪಟ್ಟಿಯನ್ನು ನೋಡಿದರೆ ಕನ್ನಡದ ಸಂಸ್ಥೆಯೊಂದರ ಮೊದಲಕ್ಷರಗಳು ಅವರಿಗೆ ಕಾಣಸಿಗುತ್ತವೆ.

ಲಿಪಿ ಕಂಡ ಮೇಲೆ ಭಾಷೆಯ ಸರದಿ. ಪರದೆಯ ಮೇಲಿನ ಆದೇಶಗಳೆಲ್ಲ ಕನ್ನಡದಲ್ಲಿರಬೇಕೆಂದರೆ ಹತ್ತಾರು ಸಾವಿರ ಸಣ್ಣ ವಾಕ್ಯಗಳನ್ನು ಅನುವಾದಿಸಬೇಕು. 2000ರ ದಶಕದಲ್ಲಿ ಇದು ಆರಂಭವಾದಾಗ ಒಂದು ಕಡೆ ಹರಿಪ್ರಸಾದ್ ನಾಡಿಗ್ ಮೊದಲಾದ ಉತ್ಸಾಹಿ ತರುಣರಿದ್ದರು. ಇನ್ನೊಂದು ಕಡೆ ರೆಡ್ ಹ್ಯಾಟ್ ತನ್ನ ಪುಣೆಯ ಕಚೇರಿಯಲ್ಲಿ ಭಾರತೀಯ ಭಾಷೆಗಳಿಗಾಗಿ ಸಂಬಳದ ಅನುವಾದಕರನ್ನು ಇರಿಸಿಕೊಂಡಿತ್ತು. ‘ಫೈಲ್’ ಕಡತವಾಯಿತು, ‘ವಿಂಡೋ’ ಕಿಟಕಿಯಾಯಿತು, ‘ಪಾಸ್‌ವರ್ಡ್’ ಗುಪ್ತಪದವಾಯಿತು. ಕಡತವೆಂಬುದು ನಮ್ಮ ಶೃಂಗೇರಿಯ ಕಡತಗಳನ್ನು ಬಲ್ಲವರಿಗೆ ಹೊಸದಲ್ಲ. ಹಳೆಯ ಮಾತೊಂದು ಹೊಸ ಕೆಲಸಕ್ಕೆ ಇಷ್ಟು ಸಹಜವಾಗಿ ಒದಗಿದ್ದು ಸಂತೋಷದ ವಿಷಯ. ಪದ ಒಂದೊಂದು ತಂತ್ರಾಂಶದಲ್ಲಿ ಒಂದೊಂದು ಬಗೆಯಾಗುವುದನ್ನು ತಪ್ಪಿಸಲು 2008ರಲ್ಲಿ ಆರಂಭವಾದ ‘ಫ್ಯುಯೆಲ್’ ಎಂಬ ಪದಪಟ್ಟಿಯ ಯೋಜನೆ ಕನ್ನಡಕ್ಕೂ ವಿಸ್ತರಿಸಿತು. ಲಿನಕ್ಸ್ ಬಗ್ಗೆ ಕನ್ನಡದಲ್ಲೇ ಬರೆದು ತಿಳಿಹೇಳುವ ಕೆಲಸವನ್ನು ‘ಲಿನಕ್ಸಾಯಣ’ದ ಓಂಶಿವಪ್ರಕಾಶ್ ಕೈಗೊಂಡರು.

2011ರ ಫೆಬ್ರುವರಿಯಲ್ಲಿ ಬಿಡುಗಡೆಯಾದ ಡೆಬಿಯನ್ 6 ಈ ಚರಿತ್ರೆಯ ಒಂದು ಮೈಲಿಗಲ್ಲು. ವ್ಯವಸ್ಥೆಯನ್ನು ಗಣಕದಲ್ಲಿ ಸ್ಥಾಪಿಸುವ ಮೊದಲ ಹಂತವೇ ಕನ್ನಡದಲ್ಲಿ ನಡೆಯಬಹುದೆಂಬ ಸೌಲಭ್ಯ ಅದರಲ್ಲಿ ಬಂದಿತು. ಆದರೆ ಕನ್ನಡ, ತೆಲುಗು, ಸಿಂಹಳ, ಲಾವೋ ಈ ನಾಲ್ಕು ಭಾಷೆಗಳು ಸೇರಿದ್ದು ಚಿತ್ರರೂಪದ ಸ್ಥಾಪಕದಲ್ಲಿ ಮಾತ್ರ. ಅಕ್ಷರರೂಪದ ಸ್ಥಾಪಕದಲ್ಲಿ ಅವಕ್ಕೆ ಸ್ಥಳ ಸಿಗಲಿಲ್ಲ. ಚೌಕಕ್ಕೊಂದು ಅಕ್ಷರವೆಂಬ ಆ ಹಳೆಯ ಕಪ್ಪು ಪರದೆ ಹದಿನೆಂಟು ವರ್ಷಗಳ ಬಳಿಕವೂ ಕನ್ನಡಕ್ಕೆ ಬಾಗಿರಲಿಲ್ಲ.

ಬೆಂಗಳೂರು ಪುಣೆಗಳಲ್ಲಿ ನಡೆದ ಈ ಕೆಲಸ ಒಳನಾಡಿನ ಊರುಗಳಿಗೆ ಹೇಗೆ ತಲುಪಬಹುದಿತ್ತು ಎಂಬುದನ್ನು ಕೊಡಗಿನ ಸಿದ್ದಾಪುರದಂತಹ ಊರನ್ನು ಮುಂದಿಟ್ಟುಕೊಂಡು ವಿಚಾರಿಸಬಹುದು. ವಿರಾಜಪೇಟೆ ತಾಲ್ಲೂಕಿನ, ಕಾಫಿ ತೋಟಗಳ ನಡುವಣ ಈ ಪೇಟೆಯಲ್ಲಿ ಸಂತೆಯ ದಿನ ಕನ್ನಡ, ಕೊಡವ, ಮಲಯಾಳ, ತಮಿಳು, ತುಳು, ಯರವ ನುಡಿಗಳೆಲ್ಲ ಕಿವಿಗೆ ಬೀಳುತ್ತವೆ. ಮಳೆಗಾಲದಲ್ಲಿ ಮರ ಬಿದ್ದು ವಿದ್ಯುತ್ತೂ ದೂರವಾಣಿಯೂ ದಿನಗಟ್ಟಲೆ ಇಲ್ಲವಾಗುವುದು ಇಲ್ಲಿಯ ಜನಕ್ಕೆ ಹೊಸದಲ್ಲ. ದೂರವಾಣಿ ತಂತಿಯ ಮೂಲಕ ಏಳುನೂರು ಮೆಗಾಬೈಟಿನ ಸಿ.ಡಿ.ಯೊಂದನ್ನು ಇಳಿಸಿಕೊಳ್ಳುವುದು ಆ ದಿನಗಳಲ್ಲಿ ಕನಸಿನ ಮಾತು. ಆದ್ದರಿಂದ 2004ರ ಅಕ್ಟೋಬರಿನಲ್ಲಿ ಮಾರ್ಕ್ ಶಟಲ್‌ವರ್ತ್ ಅವರ ಉಬುಂಟು ಬಂದಾಗ, ಕೇಳಿದವರಿಗೆಲ್ಲ ಸಿ.ಡಿ.ಯನ್ನು ಉಚಿತವಾಗಿ ಅಂಚೆಯಲ್ಲಿ ಕಳುಹಿಸುವ ಅದರ ಯೋಜನೆ ಇಂಥ ಊರುಗಳ ಪಾಲಿಗೆ ತಾಂತ್ರಿಕ ಗುಣಗಳಿಗಿಂತ ಮಿಗಿಲಾದ ಸಂಗತಿ. 2011ರಲ್ಲಿ ಆ ಯೋಜನೆ ನಿಂತಿತು. ಕನ್ನಡ ಲಿಪಿಗೆ ಆದ ದುರಸ್ತಿಗಳ ಫಲ ಇಲ್ಲಿ ಕನ್ನಡಕ್ಕಷ್ಟೇ ಸೀಮಿತವೂ ಅಲ್ಲ. ಕೊಡವ ಭಾಷೆಯನ್ನು ಬಹುಕಾಲದಿಂದ ಕನ್ನಡ ಲಿಪಿಯಲ್ಲೇ ಬರೆಯಲಾಗುತ್ತಿದೆ. ಸಂವಿಧಾನದ ಎಂಟನೆಯ ಪರಿಚ್ಛೇದದಲ್ಲಿಲ್ಲದ ಆ ಭಾಷೆಗಾಗಿ ಪ್ರತ್ಯೇಕವಾಗಿ ದುಡಿಯುವ ಕಂಪನಿ ಇಲ್ಲ. ಕನ್ನಡದ ಒತ್ತು ಸರಿಯಾದಂದು ಕೊಡವ ತಕ್ಕಿನ ಒತ್ತೂ ಸರಿಯಾಯಿತು.

ಸಿದ್ದಾಪುರದಿಂದ ವಿರಾಜಪೇಟೆ, ಮಾಕುಟ್ಟದ ಘಟ್ಟದ ಹಾದಿಯಾಗಿ ಇಳಿದರೆ ಕೇರಳದ ಇರಿಟ್ಟಿ ಸಿಗುತ್ತದೆ. ಆ ಗಡಿಯ ಆಚೆ ಶಾಲೆಯ ಗಣಕದ ಕಥೆಯೇ ಬೇರೆ. ಕೇರಳದಲ್ಲಿ 2001ರಲ್ಲಿ ಆರಂಭವಾದ ‘ಐಟಿ ಅಟ್ ಸ್ಕೂಲ್’ ಯೋಜನೆ ಕ್ರಮೇಣ ಸ್ವತಂತ್ರ ತಂತ್ರಾಂಶದತ್ತ ಹೊರಳಿ, ಆ ದಶಕದ ಕೊನೆಯ ವೇಳೆಗೆ ಪ್ರೌಢಶಾಲೆಯ ಗಣಕ ಶಿಕ್ಷಣವನ್ನು ಪೂರ್ತಿಯಾಗಿ ಗ್ನೂ/ಲಿನಕ್ಸ್ ಮೇಲೆ ನಿಲ್ಲಿಸಿತು. ಮೊದಲು ಡೆಬಿಯನ್, ಮುಂದೆ ಉಬುಂಟು ಆಧರಿಸಿ ತನ್ನದೇ ವಿತರಣೆಯನ್ನೂ ಸಿದ್ಧಪಡಿಸಿತು. 2017ರಲ್ಲಿ ‘ಕೈಟ್’ ಎಂಬ ಸಂಸ್ಥೆಯಾಗಿ ರೂಪಾಂತರಗೊಂಡ ಬಳಿಕವೂ ಆ ಪರಂಪರೆ ಮುಂದುವರಿದಿದೆ. 2019ರಲ್ಲಿ ಎರಡು ಲಕ್ಷಕ್ಕೂ ಮಿಕ್ಕ ಗಣಕಗಳಿಗೆ ಪರವಾನಗಿ ಶುಲ್ಕವಾಗಿ ತೆರಬೇಕಿದ್ದ ಸುಮಾರು 3000 ಕೋಟಿ ರೂಪಾಯಿ ಉಳಿಯಿತೆಂದು ಆ ಸಂಸ್ಥೆ ಅಂದಾಜಿಸಿತು. ನಮಗೆ ಮುಖ್ಯವಾದ ಸಂಗತಿಯೆಂದರೆ, ಕೇರಳದ ಈ ಪಠ್ಯಪುಸ್ತಕಗಳು ಮಲಯಾಳ, ಇಂಗ್ಲಿಷ್, ತಮಿಳುಗಳ ಜೊತೆಗೆ ಕನ್ನಡದಲ್ಲೂ ಪ್ರಕಟವಾಗುತ್ತವೆ. ಕಾಸರಗೋಡು, ಮಂಜೇಶ್ವರಗಳ ಕನ್ನಡ ಮಾಧ್ಯಮದ ಮಕ್ಕಳು ಮುಕ್ತ ಕಾರ್ಯಾಚರಣ ವ್ಯವಸ್ಥೆಯನ್ನು ಕಡ್ಡಾಯ ಪಾಠವಾಗಿ, ತಮ್ಮ ಭಾಷೆಯ ಪುಸ್ತಕದಿಂದ ಕಲಿಯುತ್ತ ಬಂದಿದ್ದಾರೆ. ಕನ್ನಡಕ್ಕಾಗಿ ದಶಕಗಳಿಂದ ದನಿಯೆತ್ತಬೇಕಾಗಿ ಬಂದ ಗಡಿನಾಡಿನಲ್ಲಿ ಇದು ನಡೆದಿದೆ.

ಕರ್ನಾಟಕದ ಸರ್ಕಾರಿ ಪ್ರೌಢಶಾಲೆಗಳಿಗೆ ಗಣಕಗಳು ಬಂದದ್ದು ಬಹುಪಾಲು ಖಾಸಗಿ ಕಂಪನಿಗಳೊಡನೆ ಮಾಡಿಕೊಂಡ ಗುತ್ತಿಗೆಯ ಮೂಲಕ. ಕಂಪನಿಯೇ ಯಂತ್ರ ಇರಿಸಿ, ಬೋಧಕರನ್ನು ನೇಮಿಸಿ, ಅವಧಿ ಮುಗಿದಾಗ ಶಾಲೆಗೆ ಒಪ್ಪಿಸಿ ಹೋಗುವ ಈ ಪದ್ಧತಿಯಲ್ಲಿ ಶಾಲೆಯ ಅಧ್ಯಾಪಕರು ಹೊರಗಿನವರಾಗಿಯೇ ಉಳಿದರು. ಕೇರಳ ತನ್ನ ಶಾಲಾ ಅಧ್ಯಾಪಕರನ್ನೇ ತರಬೇತುದಾರರನ್ನಾಗಿ ಮಾಡಿತು. ವ್ಯತ್ಯಾಸ ತಂತ್ರಾಂಶದ್ದಲ್ಲ, ಹೊಣೆಗಾರಿಕೆಯದು ಎಂಬುದು ನನ್ನ ಅಭಿಪ್ರಾಯ. 2011ರಿಂದ ‘ವಿಷಯ ಶಿಕ್ಷಕರ ವೇದಿಕೆ’ಯ ಹೆಸರಿನಲ್ಲಿ ರಾಜ್ಯದ ಶಿಕ್ಷಣ ಇಲಾಖೆ ಬೆಂಗಳೂರಿನ ‘ಐಟಿ ಫಾರ್ ಚೇಂಜ್’ ಸಂಸ್ಥೆಯೊಡನೆ ಸೇರಿ ಗಣಿತ, ವಿಜ್ಞಾನ, ಸಮಾಜ ವಿಜ್ಞಾನಗಳ ಅಧ್ಯಾಪಕರಿಗೆ ಉಬುಂಟು ಕಲಿಸಿದ್ದು, ಅದರ ಫಲವಾಗಿ ಕನ್ನಡದಲ್ಲಿ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು ಬೆಳೆದದ್ದು ಈ ಕೊರತೆಯನ್ನು ತುಂಬುವ ದಿಕ್ಕಿನ ಗಣ್ಯ ಪ್ರಯತ್ನ. ಕೇಂದ್ರದ ಸಿ-ಡಾಕ್ 2007ರಲ್ಲಿ ಹೊರತಂದ ಡೆಬಿಯನ್ ಆಧಾರಿತ ‘ಬಾಸ್’ ವಿತರಣೆಯಲ್ಲೂ ಕನ್ನಡವಿದೆ. ಕರ್ನಾಟಕದಲ್ಲಿ ಅದರ ಬಳಕೆ ಬೇರೂರಲಿಲ್ಲ.

ಕಳೆದ ಹದಿನೈದು ವರ್ಷಗಳಲ್ಲಿ ವಿತರಣೆಗಳ ಸ್ವರೂಪವೇ ಬದಲಾಗಿದೆ. ಜನಸಾಮಾನ್ಯರ ಕೈಗೆ ಲಿನಕ್ಸ್ ತಿರುಳು ಬಂದದ್ದು ಮೇಜಿನ ಗಣಕದಲ್ಲಲ್ಲ, ಆಂಡ್ರಾಯ್ಡ್ ದೂರವಾಣಿಯಲ್ಲಿ, 2012ರ 4.1 ಆವೃತ್ತಿಯಲ್ಲಿ ಕನ್ನಡಕ್ಕೆ ಅಲ್ಲಿ ಬೆಂಬಲ ದೊರೆಯಿತು. ವಿತರಣೆಗಳ ದುಡಿಮೆ ಹೆಚ್ಚಾಗಿ ದೊಡ್ಡ ಕಂಪನಿಗಳ ಸರ್ವರುಗಳ ಕಡೆ ಹೊರಳಿತು. ರೆಡ್ ಹ್ಯಾಟನ್ನು 2019ರಲ್ಲಿ ಐಬಿಎಂ 34 ಶತಕೋಟಿ ಡಾಲರಿಗೆ ಕೊಂಡಿತು. ಅದರ ಉಚಿತ ಪಡಿನೆಳಲಾಗಿದ್ದ ಸೆಂಟ್‌ಓಎಸ್ 8 ನಿಗದಿತ ಕಾಲಕ್ಕೆ ಮುನ್ನ 2021ರಲ್ಲೇ ನಿಂತು, ಅದನ್ನು ನೆಚ್ಚಿದವರು ರಾಕಿ, ಆಲ್ಮಾಗಳ ಕಡೆ ಹೋಗಬೇಕಾಯಿತು. ಪರದೆಯೇ ಇಲ್ಲದ ಸರ್ವರಿಗೆ ಕನ್ನಡದ ಆದೇಶಪಟ್ಟಿ ಏತಕ್ಕೆ? ಕಂಪನಿಗಳ ಆದ್ಯತೆ ಹೀಗೆ ಬದಲಾದಾಗ ಅನುವಾದದ ಕೆಲಸ ಮರಳಿ ಬೆರಳೆಣಿಕೆಯ ಸ್ವಯಂಸೇವಕರ ಹೆಗಲಿಗೆ ಬಂದಿತು. ಇಂದು ಉಬುಂಟುವಿನಲ್ಲಿ ಕನ್ನಡವನ್ನು ಆಯ್ದರೆ ಹಳೆಯ ಭಾಗಗಳೆಲ್ಲ ಕನ್ನಡದಲ್ಲೂ ಹೊಸತಾಗಿ ಸೇರಿದ ಭಾಗಗಳು ಇಂಗ್ಲಿಷಿನಲ್ಲೂ ಕಾಣುವ ಬೆರಕೆ ಪರದೆ ಎದುರಾಗುತ್ತದೆ. ಲಿಪಿಯ ದುರಸ್ತಿ ಒಮ್ಮೆ ಆದರೆ ಆದಂತೆ. ಅನುವಾದ ಆರು ತಿಂಗಳಿಗೊಮ್ಮೆ ಹೊಸ ಆವೃತ್ತಿಯೊಡನೆ ಮತ್ತೆ ಮತ್ತೆ ಆಗಬೇಕಾದ ಕೆಲಸ. ಅದಕ್ಕಾಗಿ ಒಬ್ಬ ಅನುವಾದಕನಿಗಾದರೂ ನಿಯತವಾಗಿ ಸಂಬಳ ಕೊಡುವ ಸಂಸ್ಥೆ ಕನ್ನಡಕ್ಕೆ ಬೇಕಾಗಿದೆ.

ಹಳೆಯ ಯಂತ್ರಗಳ ಪ್ರಶ್ನೆಯೂ ಇದರೊಡನೆ ಸೇರಿಕೊಂಡಿದೆ. ಬಡಶಾಲೆಯ ಹಳೆಯ ಗಣಕಕ್ಕೆ ಲಿನಕ್ಸ್ ಜೀವದಾನವೆಂಬ ಮಾತು ಬಹುಕಾಲ ನಿಜವಾಗಿತ್ತು. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13, 32 ಬಿಟ್‌ನ ಹಳೆಯ ಯಂತ್ರಗಳಿಗೆ ಸ್ಥಾಪಕವನ್ನು ಕೊಡುವುದನ್ನು ನಿಲ್ಲಿಸಿತು. ಅದೇ ವರ್ಷದ ಅಕ್ಟೋಬರಿನಲ್ಲಿ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದುದರಿಂದ ವಿಂಡೋಸ್ 11 ಒಪ್ಪದ, ಆದರೆ ಲಿನಕ್ಸ್ ಚೆನ್ನಾಗಿಯೇ ಒಪ್ಪುವ ಯಂತ್ರಗಳ ಹೊಸ ರಾಶಿಯೊಂದು ಕಚೇರಿ ಶಾಲೆಗಳಲ್ಲಿ ಸೇರಿಕೊಂಡಿದೆ.

ಆ ಯಂತ್ರಗಳೊಳಗಿನ ಕಡತಗಳ ಗತಿಯೇನು? ಕರ್ನಾಟಕ ಸರ್ಕಾರ 2012ರಲ್ಲಿ ಯೂನಿಕೋಡನ್ನು ಶಿಷ್ಟತೆಯಾಗಿ ಅಂಗೀಕರಿಸಿತಾದರೂ ಅದಕ್ಕೆ ಹಿಂದಿನ ಬರಹಗಳು ನುಡಿ, ಬರಹಗಳ ಹಳೆಯ ಸಂಕೇತದಲ್ಲೇ ಉಳಿದಿವೆ. ಅಕಾಡೆಮಿಗಳ, ವಿಶ್ವವಿದ್ಯಾಲಯಗಳ ಪ್ರಸಾರಾಂಗಗಳ ಪುಸ್ತಕಗಳ ಮೂಲಪ್ರತಿಗಳೂ ಇವುಗಳಲ್ಲಿ ಸೇರಿವೆ. ಇವನ್ನು ಯೂನಿಕೋಡಿಗೆ ತರುವ ಪರಿವರ್ತಕವೊಂದನ್ನು ಅರವಿಂದ ವಿ.ಕೆ. ಬರೆದು ಆಕರ ಸಂಕೇತ ಸಮೇತ ಮುಕ್ತವಾಗಿ ಕೊಟ್ಟಿದ್ದಾರೆ. ಲಿನಕ್ಸ್ ಮೇಲೂ ಅದು ನಡೆಯುತ್ತದೆ. ಕಡತಗಳನ್ನು ಕಪಾಟಿನಿಂದ ಹೊರತೆಗೆದು, ಯಾವ ಫಾಂಟಿನಲ್ಲಿ ಟಂಕಿತವಾದುವೆಂದು ಗುರುತಿಸಿ, ಪರಿವರ್ತಿಸಿ, ಅರ್ಕಾವತ್ತು ಒತ್ತುಗಳನ್ನು ಮೂಲದೊಡನೆ ಒಂದೊಂದಾಗಿ ಹೋಲಿಸಿ ನೋಡುವ ಕೆಲಸ ಮಾತ್ರ ಮನುಷ್ಯರದು. ಸಿ.ಡಿ.ಗಳು ಓದಲಾಗದಷ್ಟು ಹಾಳಾಗುವ ಮುನ್ನ ಅದು ಆಗಬೇಕು.